ನೆಲ ಅಗೆದವರು ಗೋಡೆ ನೋಡಲಿಲ್ಲ

ಇಂಗ್ಲೆಂಡಿನ ಡರ್ಬಿಶೈರ್ ಮತ್ತು ನಾಟಿಂಗ್‌ಹ್ಯಾಮ್‌ಶೈರ್‌ಗಳ ಗಡಿರೇಖೆ ಕ್ರೆಸ್‌ವೆಲ್ ಕ್ರಾಗ್ಸ್ ಎಂಬ ಸುಣ್ಣಕಲ್ಲಿನ ಕಮರಿಯೊಳಗೆ ಹಾದುಹೋಗುತ್ತದೆ. ಈಚೆಯ ಗುಹೆಗಳು ಒಂದು ಕೌಂಟಿಯವು, ಆಚೆಯವು ಇನ್ನೊಂದರವು. ಬಾಗಿಲುಗಳಿಗೆ ಕಬ್ಬಿಣದ ಸರಳು, ಬೀಗ. ಮಾರ್ಗದರ್ಶಕರು ಹೆಲ್ಮೆಟ್ಟು, ದೀಪ ಕೊಟ್ಟು ಒಳಗೆ ಕರೆದೊಯ್ಯುತ್ತಾರೆ. ಚರ್ಚ್ ಹೋಲ್ ಗುಹೆಯಲ್ಲಿರುವ ಹಿಮಯುಗದ ಕೆತ್ತನೆಗಳಲ್ಲಿ ಹಲವು ಈಗ ಕೈಗೆಟುಕದಷ್ಟು ಎತ್ತರದಲ್ಲಿವೆ. ಕೆತ್ತಿದವರು ನಿಂತಿದ್ದ ನೆಲವನ್ನೇ ವಿಕ್ಟೋರಿಯಾ ಕಾಲದ ಸಂಶೋಧಕರು ಅಗೆದು ಹೊರಗೆ ಸುರಿದುಬಿಟ್ಟಿದ್ದಾರೆ.

ಈ ಭಾಗದ ಗುಹೆ ಸಂಶೋಧನೆ ಶುರುವಾದದ್ದು ಮನುಷ್ಯನಿಂದಲ್ಲ, ಕತ್ತೆಕಿರುಬನಿಂದ. 1821ರಲ್ಲಿ ಯಾರ್ಕ್‌ಶೈರಿನ ಕರ್ಕ್‌ಡೇಲ್‌ನಲ್ಲಿ ಕಲ್ಲುಗಣಿಯ ಕೂಲಿಗಳಿಗೆ ರಾಶಿ ಮೂಳೆ ಸಿಕ್ಕಿತು. ರೋಗ ಬಂದು ಸತ್ತ ದನದ್ದಿರಬೇಕೆಂದುಕೊಂಡು ರಸ್ತೆಯ ಗುಂಡಿಗಳಿಗೆ ತುಂಬಿದರು. ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲೆಂಡ್ ಅವುಗಳಲ್ಲಿ ಆನೆ, ನೀರಾನೆ, ಕತ್ತೆಕಿರುಬಗಳನ್ನು ಗುರುತಿಸಿದ. ಬೈಬಲ್ಲಿನ ಪ್ರಳಯ ಇವನ್ನು ಉಷ್ಣದೇಶದಿಂದ ಹೊತ್ತು ತಂದಿರಲಿಲ್ಲ, ಕಿರುಬಗಳೇ ಇಲ್ಲಿ ಬದುಕಿ ಬೇಟೆಯನ್ನು ಎಳೆದು ತಂದಿದ್ದವು ಎಂಬುದು ಅವನ ವಾದ. ಸರ್ಕಸ್ಸಿನಂಥ ಸಂಚಾರಿ ಪ್ರಾಣಿಸಂಗ್ರಹದ ಜೀವಂತ ಕಿರುಬಕ್ಕೆ ಎತ್ತಿನ ಮೂಳೆ ಹಾಕಿಸಿ, ಅದು ಕಡಿದುಳಿಸಿದ ಚೂರುಗಳನ್ನು ಹೋಲಿಸಿಯೂ ನೋಡಿದ. ಇಷ್ಟೆಲ್ಲ ಮಾಡಿದವನು ಮೇಲಿನ ಕೆಸರಿನ ಪದರವನ್ನು ಮಾತ್ರ 1823ರ ತನ್ನ ಪುಸ್ತಕದಲ್ಲಿ ಪ್ರಳಯದ ಲೆಕ್ಕಕ್ಕೇ ಜಮಾ ಮಾಡಿದ.

ಅರ್ಧ ಶತಮಾನದ ನಂತರ ಗುಹೆ ಅಗೆಯುವುದು ಶ್ರೀಮಂತರ, ಪಾದ್ರಿಗಳ ಹವ್ಯಾಸವಾಯಿತು. 1870ರ ದಶಕದಲ್ಲಿ ಸೆಟಲ್ ಬಳಿಯ ವಿಕ್ಟೋರಿಯಾ ಗುಹೆಯನ್ನು ಸಮಿತಿಯೊಂದು ಅಗೆಯಿತು. ಮ್ಯಾಂಚೆಸ್ಟರಿನ ವಿಲಿಯಂ ಬಾಯ್ಡ್ ಡಾಕಿನ್ಸ್ 1874ರಲ್ಲಿ ‘ಕೇವ್ ಹಂಟಿಂಗ್’ ಎಂಬ ಪುಸ್ತಕ ಬರೆದ. ಇದೇ ಗಾಳಿ ನಮ್ಮ ಕಡೆಗೂ ಬೀಸಿತು: ಬಳ್ಳಾರಿಯ ಸಂಗನಕಲ್ಲಿನ ಶಿಲಾಯುಗದ ನೆಲೆಯಿಂದ ನಮಗೆ ಪರಿಚಿತನಾದ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲಿ ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳನ್ನು ಅಗೆಯತೊಡಗಿದ.

ಕ್ರೆಸ್‌ವೆಲ್‌ನಲ್ಲಿ 1875–76ರಲ್ಲಿ ಕೆಲಸ ಮಾಡಿದವರು ಪಾದ್ರಿ ಜಾನ್ ಮೆಗೆನ್ಸ್ ಮೆಲ್ಲೊ, ಡರ್ಬಿ ಮ್ಯೂಸಿಯಮ್ಮಿನ ಥಾಮಸ್ ಹೀತ್ ಮತ್ತು ಡಾಕಿನ್ಸ್. 1876ರ ಜುಲೈನಲ್ಲಿ ರಾಬಿನ್ ಹುಡ್ ಗುಹೆಯಲ್ಲಿ ಕುದುರೆಯ ತಲೆ ಕೆತ್ತಿದ ಪಕ್ಕೆಲುಬಿನ ತುಂಡು ಮೆಲ್ಲೊಗೆ ಸಿಕ್ಕಿತು. ಈಗ ಅದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದೇ ದಿನಗಳಲ್ಲಿ ಡಾಕಿನ್ಸ್ ಕೈಗೆ ಕತ್ತಿಹಲ್ಲಿನ ಬೆಕ್ಕಿನ ಕೋರೆಯೊಂದು ಬಂತು. ಅದು ಹೊರಗಿನಿಂದ ತಂದಿಟ್ಟದ್ದು ಎಂಬ ಅನುಮಾನವನ್ನು ಹೀತ್ ಬಹಿರಂಗವಾಗಿ ಎತ್ತಿದ. ಕಿರುಪುಸ್ತಕಗಳನ್ನೇ ಅಚ್ಚು ಹಾಕಿಸಿದ. ಹಲ್ಲಿನ ಮೇಲಿನ ಅನುಮಾನ ಇಂದಿಗೂ ಪೂರ್ತಿ ಹೋಗಿಲ್ಲ. ನನಗೆ ಕಾಣುವಂತೆ ಮೋಸ ನಡೆಯಿತೋ ಇಲ್ಲವೋ ಎಂಬುದಕ್ಕಿಂತ ದೊಡ್ಡದು, ಅದನ್ನು ತೀರ್ಮಾನಿಸಲು ಬೇಕಾದ ದಾಖಲೆಯನ್ನೇ ಯಾರೂ ಸರಿಯಾಗಿ ಇಡಲಿಲ್ಲ ಎಂಬುದು. ವಸ್ತು ಮುಖ್ಯ, ಅದು ಬಿದ್ದಿದ್ದ ಜಾಗ ಗೌಣ ಎಂಬ ಕಾಲ ಅದು.

ಮುಂದಿನ ತಲೆಮಾರು ಈ ಲೆಕ್ಕವನ್ನು ತಿರುಗಿಸಿತು. ಲೆಸ್ಲಿ ಆರ್ಮ್‌ಸ್ಟ್ರಾಂಗ್ 1920–30ರ ದಶಕಗಳಲ್ಲಿ ಪಿನ್ ಹೋಲ್ ಗುಹೆಯನ್ನು ಅಗೆಯುವಾಗ ಪ್ರತಿ ವಸ್ತು ಬಾಗಿಲಿನಿಂದ ಎಷ್ಟು ದೂರದಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ಬರೆದಿಟ್ಟ. ಎಷ್ಟೋ ದಶಕಗಳ ನಂತರದ ವಿದ್ವಾಂಸರು ಆ ಅಳತೆಗಳಿಂದಲೇ ಪದರಗಳನ್ನು ಮರಳಿ ಜೋಡಿಸಿದರು. ಡೊರೊಥಿ ಗ್ಯಾರಡ್ 1926ರಲ್ಲಿ ಬ್ರಿಟನ್ನಿನ ಹಿಮಯುಗದ ಕೊನೆಯ ಕಲ್ಲಿನ ಉಪಕರಣಗಳ ಸಂಪ್ರದಾಯಕ್ಕೆ ‘ಕ್ರೆಸ್‌ವೆಲಿಯನ್’ ಎಂದು ಹೆಸರಿಟ್ಟರು.

ಇಷ್ಟಾದರೂ ಗೋಡೆಯನ್ನು ಯಾರೂ ಗಮನಿಸಿರಲಿಲ್ಲ. ಹಿಮಯುಗದ ಗುಹಾಚಿತ್ರ ಫ್ರಾನ್ಸ್, ಸ್ಪೇನುಗಳ ಸೊತ್ತು ಎಂದೇ ಎಲ್ಲರ ಎಣಿಕೆ. 2003ರ ಏಪ್ರಿಲ್‌ನಲ್ಲಿ ಪಾಲ್ ಬಾನ್, ಸೆರ್ಹಿಯೊ ರಿಪೋಲ್, ಪಾಲ್ ಪೆಟಿಟ್ ಹುಡುಕಿಕೊಂಡೇ ಬಂದು ಚರ್ಚ್ ಹೋಲ್‌ನಲ್ಲಿ ಕೆತ್ತನೆ ಕಂಡರು. ಮೊದಲು ಕಾಡುಮೇಕೆ ಎಂದುಕೊಂಡದ್ದು ಗಂಡುಜಿಂಕೆ. ಅದಕ್ಕೆ ಗಡ್ಡ ಮೂಡಿಸಿದ್ದು ಯಾವನೋ ಹೊಸಕಾಲದವನ ಗೀಚಾಟ. ಅದರ ಮೈಮೇಲೇ 1948 ಎಂದೂ ಗೀರಿದೆ. ಆ ಪುಣ್ಯಾತ್ಮ ಜಿಂಕೆಯನ್ನು ನೋಡಿದ್ದನೋ ಇಲ್ಲವೋ! ಕೆತ್ತನೆಗಳ ಮೇಲೆ ಕಟ್ಟಿದ ಸುಣ್ಣದ ಪೊರೆಯ ಯುರೇನಿಯಂ ಪರೀಕ್ಷೆಯ ಫಲಿತಾಂಶ 2005ರಲ್ಲಿ ಪ್ರಕಟವಾಯಿತು: ಕನಿಷ್ಠ 12,800 ವರ್ಷ.

ಆ ಮೇಲೆ ಗೀಚಾಟಗಳಿಗೂ ಬೆಲೆ ಬಂತು. 2018ರಲ್ಲಿ ಪ್ರವಾಸಕ್ಕೆ ಬಂದಿದ್ದ ಇಬ್ಬರು ಗುಹಾಸಕ್ತರು, ಹಳೆಯ ತುಂಟಾಟವೆಂದು ಕಡೆಗಣಿಸಿದ್ದ ಗೆರೆಗಳನ್ನು ಕೇಡು ತಡೆಯಲು ಕೊರೆದ ರಕ್ಷೆಯ ಗುರುತುಗಳೆಂದು ತೋರಿಸಿಕೊಟ್ಟರು; ಎಣಿಸಿದರೆ ನೂರಾರು. ಇನ್ನು ಮೆಲ್ಲೊನ ಕಾಲದವರು ಚರ್ಚ್ ಹೋಲ್‌ನಿಂದ ಹೊರಗೆ ಸುರಿದ ಮಣ್ಣನ್ನು ಶೆಫೀಲ್ಡ್ ವಿಶ್ವವಿದ್ಯಾಲಯದವರು 2006ರಿಂದ ಮತ್ತೆ ಅಗೆದು, ಜರಡಿ ಹಿಡಿದು, ಮೊದಲಿನವರು ಬಿಸಾಡಿದ್ದನ್ನು ಹೆಕ್ಕಿದರು.