ಚೈನಾ ಗ್ರಾಸಿನ ಕತೆ

ಕ್ರಿಮಿ ಬೆಳೆಸೋ ವಿದ್ಯೆ ಮೇಲೆ ಅಡಿಗೆಮನೆ ಋಣ ದೊಡ್ಡದು ಕಣ್ರೀ. 1881ರಲ್ಲಿ ಜರ್ಮನಿಯ ಡಾಕ್ಟರ್ ವಾಲ್ಟರ್ ಹೆಸ್ಸೆ ಕ್ರಿಮಿ ಬೆಳೆಸ್ತಿದ್ದ ಜೆಲಟಿನ್ ಬೇಸಿಗೆ ಸೆಕೆಗೆ ಕರಗಿ ನೀರಾಗ್ತಿತ್ತು. ಹೆಂಡತಿ ಫ್ಯಾನಿ ಮಾಡೋ ಜೆಲ್ಲಿ ಮಾತ್ರ ಗಟ್ಟಿಯಾಗೇ ಇರ್ತಿತ್ತು. ಅದಕ್ಕೆ ಹಾಕ್ತಿದ್ದಿದ್ದು ಅಗರ್. ಜಾವಾದಲ್ಲಿದ್ದು ಬಂದ ನೆರೆಯವರಿಂದ ಆಕೆ ಕಲಿತಿದ್ದು. ನಮ್ಮ ಅಂಗಡಿಗಳಲ್ಲಿ ಸಿಗೋ ಚೈನಾ ಗ್ರಾಸೇ ಅದು! ಮರುವರ್ಷ ರಾಬರ್ಟ್ ಕಾಕ್ ಕ್ಷಯದ ಕ್ರಿಮಿ ಬಗ್ಗೆ ಬರೆದಾಗ ಅಗರ್ ಹೆಸರು ಬಂತು, ಫ್ಯಾನಿ ಹೆಸರು ಬರಲಿಲ್ಲ. (ಅಡಿಗೆಯವರ ಹೆಸರು ಯಾರು ಬರೀತಾರೆ?)

ಗೋವಿಂದರಾಜನಗರದ ನಮ್ಮನೇಲಿ ಅಕ್ಕನ ಮಗಳು ಅದನ್ನೇ ಬೇಳೆಕಟ್ಟಲ್ಲಿ ಕಾಯ್ಸಿ, ಬಟ್ಟಲಿಗೆ ಹುಯ್ದು, ಬೆರಳು ಒತ್ತಿ, ಅರಿಶಿನ, ಜೇನುತುಪ್ಪ ಇಟ್ಲು. ಯಾವ ಕ್ರಿಮಿ ಬೆಳೆಯತ್ತೋ ಅಂತ ಮುಚ್ಚಳಕ್ಕೆ ಟೇಪು ಸುತ್ತಿಸ್ದೆ. ಆದರೆ ಬಟ್ಟಲಿನ ತೀರ್ಪು ಮೈಗೆ ಒಪ್ಪಲ್ಲ. ಅರಿಶಿನದ ಕರ್ಕ್ಯುಮಿನ್ ನೀರಲ್ಲಿ ಕರಗೋದೇ ಕಷ್ಟ, ಜೆಲ್ಲೀಲಿ ಹರಡಲ್ಲ. ಸುತ್ತ ಖಾಲಿ ಜಾಗ ಕಾಣದಿದ್ರೆ ಅದಕ್ಕೆ ಶಕ್ತಿ ಇಲ್ಲ ಅಂತಲ್ಲ. ಬ್ಲೀಚು ಎಲ್ಲಾನೂ ಗೆಲ್ಲತ್ತೆ, ಕುಡಿಯೋಕಾಗತ್ತಾ?

"ಚಿಕ್ಕಮ್ಮ, ಡ್ರಾಯರಲ್ಲಿ ಉಳಿದಿರೋ ಆಂಟಿಬಯಾಟಿಕ್ ಇಡೋಣ್ವಾ?" ಅಂದ್ಲು. ಬೇಡ ಅಂದೆ. ಬಟ್ಟಲಲ್ಲಿ ದೊಡ್ಡ ವೃತ್ತ ಕಂಡ್ರೆ ನಾಳೆ ನೆಗಡಿಗೂ ಅದನ್ನೇ ನುಂಗ್ತಾರೆ. ನೆಗಡಿ ವೈರಸ್ಸಿಂದು, ಅದಕ್ಕೆ ಈ ಮಾತ್ರೆ ದಂಡ. ಹಂಗೆ ನುಂಗಿ ನುಂಗಿ ಕ್ರಿಮಿಗಳೇ ಪಳಗಿದ್ದಕ್ಕೆ, 2014ರಿಂದ ಹಲವು ಆಂಟಿಬಯಾಟಿಕ್ಕುಗಳು ಎಚ್1 ಪಟ್ಟಿಗೆ ಸೇರಿ, ಮಾರಿದ್ದನ್ನ ಮೆಡಿಕಲ್ ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದಿಡಬೇಕಾಯ್ತು.