ಮನೆಗೆ ಬಂದ ಸಂಗೀತದ ಮೇಷ್ಟ್ರು

ಹೊಸ ಬಡಾವಣೆಗೆ ಮನೆ ಬದಲಾಯಿಸಿದ ಸಂಸಾರವೊಂದು ಹಾಲು, ಪೇಪರು, ಮನೆಗೆಲಸದವರನ್ನು ಗೊತ್ತುಮಾಡಿಕೊಂಡ ಮೇಲೆ ನೆರೆಯವರನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ‘ಇಲ್ಲೇ ಹತ್ತಿರದಲ್ಲಿ ಸಂಗೀತ ಹೇಳಿಕೊಡುವವರು ಯಾರಾದರೂ ಇದ್ದಾರೇನ್ರೀ?’ ಇದ್ದಾರೆ ಎಂಬ ಉತ್ತರ ಬಂದರೆ ಹಿಂದೆಯೇ ಇನ್ನೂ ಮೂರು ಪ್ರಶ್ನೆಗಳು. ಮನೆಗೇ ಬರುತ್ತಾರಾ? ತಿಂಗಳಿಗೆ ಎಷ್ಟು ತೆಗೆದುಕೊಳ್ಳುತ್ತಾರೆ? ಪರೀಕ್ಷೆಗೆ ಕೂರಿಸುತ್ತಾರಾ? ಇವನ್ನು ಕೇಳಿದ ಹಿರಿಯರು ಕೆಲವರು ನಿಟ್ಟುಸಿರು ಬಿಡುವುದುಂಟು. ಗುರುವನ್ನು ಅರಸಿಕೊಂಡು ಶಿಷ್ಯ ಊರೂರು ಅಲೆದ ಕಾಲ ಎಲ್ಲಿ, ಮೇಷ್ಟ್ರೇ ಬಂದು ಬಾಗಿಲು ತಟ್ಟುವ ಈ ಕಾಲ ಎಲ್ಲಿ ಎಂದು. ಆದರೆ ಚರಿತ್ರೆಯನ್ನು ತುಸು ಕೆದಕಿದರೆ ಈ ಎರಡು ಕಾಲಗಳ ನಡುವಣ ಗೆರೆ ಅಷ್ಟು ನೇರವಾಗಿಲ್ಲ ಎಂಬುದು ಕಾಣುತ್ತದೆ.

ಗುರುಕುಲದ ಕಥೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಮೈಸೂರು ವಾಸುದೇವಾಚಾರ್ಯರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಕಲಿಯಲು ತಿರುವೈಯಾರಿಗೆ ಹೋದದ್ದು ಅರಮನೆಯ ನೆರವಿನಿಂದ. 1910ರಲ್ಲಿ ಬಿಡಾರಂ ಕೃಷ್ಣಪ್ಪನವರನ್ನು ಸೇರಿದ ತಿರುಮಕೂಡಲಿನ ಚೌಡಯ್ಯನವರು ಮುಂದೆ ಪಿಟೀಲು ಚೌಡಯ್ಯ ಎಂದೇ ಹೆಸರಾದರು. ಗುರುವಿನ ಮನೆಯಲ್ಲಿ ಇದ್ದು ಕಲಿಯುವುದೆಂದರೆ ಪಾಠಕ್ಕೆ ಗಂಟೆಯ ಲೆಕ್ಕವಿರಲಿಲ್ಲ. ಗುರುಗಳ ಸಾಧನೆ, ಕಚೇರಿಗೆ ಮುಂಚಿನ ತಯಾರಿ, ಬಂದ ವಿದ್ವಾಂಸರೊಡನೆ ನಡೆಯುವ ವಾದ, ಎಲ್ಲವೂ ಶಿಷ್ಯನ ಕಿವಿಗೆ ಬೀಳುತ್ತಿದ್ದವು. ಕಲಿಕೆಯ ಬಹುಪಾಲು ಹೀಗೆ ಕೇಳಿದ್ದೇ. ಇದಕ್ಕೆ ಪ್ರತಿಯಾಗಿ ಶಿಷ್ಯ ನೀರು ಹೊರಬೇಕು, ಬಟ್ಟೆ ಒಗೆಯಬೇಕು, ಗುರುಪತ್ನಿ ಹೇಳಿದ ಕೆಲಸ ಮಾಡಬೇಕು. ಹಣ ಕೊಡಲಾರದವನು ದುಡಿಮೆ ಕೊಟ್ಟ ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಈ ಏರ್ಪಾಟು ಮನೆ ಬಿಟ್ಟು ಹೋಗಬಲ್ಲವರಿಗೆ ಮಾತ್ರ ತೆರೆದಿತ್ತು. ಅಂದರೆ ಹುಡುಗರಿಗೆ. ಅವರಲ್ಲೂ ಗುರು ಒಳಗೆ ಸೇರಿಸಿಕೊಳ್ಳುವ ಜಾತಿಯವರಿಗೆ.

ಈ ಮಾತನ್ನು ಕುಂದಗೋಳದಷ್ಟು ಚೆನ್ನಾಗಿ ತಿಳಿಸುವ ಊರು ಇನ್ನೊಂದಿಲ್ಲ. ಹುಬ್ಬಳ್ಳಿಯ ಸಮೀಪದ ಈ ಊರಿನ ರಾಮಭಾವು ಕುಂದಗೋಳಕರರು ಅಬ್ದುಲ್ ಕರೀಂ ಖಾನರಲ್ಲಿ ಕಲಿತು ‘ಸವಾಯಿ ಗಂಧರ್ವ’ರೆಂದು ಪ್ರಸಿದ್ಧರಾದವರು. 1933ರಲ್ಲಿ ಗದುಗಿನ ಮನೆಯಿಂದ ಹನ್ನೊಂದು ವರ್ಷದ ಹುಡುಗನೊಬ್ಬ ಗುರುವನ್ನು ಹುಡುಕಿಕೊಂಡು ಓಡಿಹೋದ. ಗ್ವಾಲಿಯರ್, ಕಲ್ಕತ್ತಾ, ದೆಹಲಿ, ರಾಂಪುರ ಎಂದು ಉತ್ತರ ಭಾರತ ಸುತ್ತಿ ಜಲಂಧರ ತಲುಪಿದ. ನಿಮ್ಮ ಊರಿನ ಪಕ್ಕದಲ್ಲೇ ಸವಾಯಿ ಗಂಧರ್ವರಿರುವಾಗ ಇಲ್ಲೇಕೆ ಅಲೆಯುತ್ತೀ ಎಂದು ಅವನಿಗೆ ಹೇಳಿದವರು ವಿನಾಯಕರಾವ್ ಪಟವರ್ಧನರು. ಮನೆಯಿಂದ ಕೆಲವೇ ಹರಿದಾರಿ ದೂರದಲ್ಲಿದ್ದ ಗುರುವಿನ ವಿಳಾಸ ಪಂಜಾಬಿನಲ್ಲಿ ಸಿಕ್ಕಿತು! ಭೀಮಸೇನ ಜೋಶಿಯವರು 1936ರಲ್ಲಿ ಕುಂದಗೋಳ ಸೇರಿ ಗುರುವಿನ ಮನೆಗೆ ಕೊಡಗಟ್ಟಲೆ ನೀರು ಹೊತ್ತರು.

ಅದೇ ಗುರುವಿನಲ್ಲಿ, ಹೆಚ್ಚು ಕಡಿಮೆ ಅದೇ ಕಾಲದಲ್ಲಿ, ಗಂಗೂಬಾಯಿ ಹಾನಗಲ್ಲರೂ ಕಲಿಯುತ್ತಿದ್ದರು. ಆದರೆ ಅವರು ಮನೆ ಬಿಟ್ಟು ಓಡಿಹೋಗುವಂತಿರಲಿಲ್ಲ. 1913ರಲ್ಲಿ ಹುಟ್ಟಿದ ಅವರು ಆಗ ಮಕ್ಕಳ ತಾಯಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ, ಮತ್ತೆ ರೈಲು ಹಿಡಿದು ಮನೆ ಸೇರಬೇಕು. ದಾರಿಯಲ್ಲಿ ಜನರಾಡುವ ಕುಹಕದ ಮಾತುಗಳು ಬೇರೆ. ಮೊದಲ ವರ್ಷಗಳಲ್ಲಿ ಗುರುಗಳು ನಾಟಕ ಕಂಪನಿಯೊಡನೆ ತಿರುಗಾಟದಲ್ಲಿದ್ದುದರಿಂದ ಪಾಠ ಸಿಕ್ಕಿದಾಗ ಸಿಕ್ಕಿತು; ಅವರು ಊರಿನಲ್ಲಿ ನೆಲೆ ನಿಂತ ಮೇಲೆ ಸುಮಾರು ಮೂರು ವರ್ಷ ಸತತವಾಗಿ ನಡೆಯಿತು. ಒಂದೇ ಗುರು, ಇಬ್ಬರು ಶಿಷ್ಯರು. ಒಬ್ಬರದು ಗುರುಕುಲ, ಇನ್ನೊಬ್ಬರದು ಹೋಗಿಬಂದು ಕಲಿತ ಪಾಠ. ಯಾವ ಕ್ರಮ ಹೆಚ್ಚಿನದು ಎಂದು ಇವರಿಬ್ಬರ ಗಾಯನ ಕೇಳಿ ತೀರ್ಮಾನಿಸುವ ಧೈರ್ಯ ನನಗಂತೂ ಇಲ್ಲ.

ಗಂಗೂಬಾಯಿಯವರ ಬಾಲ್ಯದಲ್ಲಿ ಇನ್ನೂ ಒಂದು ಸಂಗತಿ ಇದೆ. ಕುಂದಗೋಳಕ್ಕೆ ಮುಂಚೆ ಅವರಿಗೆ ಪಾಠ ಹೇಳಿದವರು ಕಿನ್ನರಿ ವಾದಕರಾದ ಕೃಷ್ಣಾಚಾರ್ಯ ಹುಲಗೂರರು. ಒಂದು ವರ್ಷದಲ್ಲಿ ಸುಮಾರು ಅರವತ್ತು ಚೀಜುಗಳನ್ನು ಕಲಿಸಿದರು. ಆಮೇಲೆ ಫೀಯ ವಿಚಾರದಲ್ಲಿ ಮಾತಿಗೆ ಮಾತು ಬೆಳೆದು ಪಾಠ ನಿಂತುಹೋಯಿತು. ಗುರುದಕ್ಷಿಣೆಯ ಬಗೆಗೆ ನಾವು ಕೇಳುವ ಭಕ್ತಿಯ ಕಥೆಗಳ ಪಕ್ಕದಲ್ಲಿ ಇದನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ತಾಯಿ ಅಂಬಾಬಾಯಿಯವರು ಸ್ವತಃ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದುಸ್ತಾನಿ ಕಲಿಕೆಗೆ ತಮ್ಮ ಹಾಡುಗಾರಿಕೆ ಅಡ್ಡಬಾರದೆಂದು ಅವರು ಹಾಡುವುದನ್ನೇ ನಿಲ್ಲಿಸಿದರು. ಮಗುವಿಗೆ ಸಂಗೀತ ಕಲಿಸುವುದರಲ್ಲಿ ತಂದೆತಾಯಿ ತೆತ್ತ ಬೆಲೆ ಯಾವಾಗಲೂ ರೂಪಾಯಿಯ ಲೆಕ್ಕದಲ್ಲಿ ಇರುವುದಿಲ್ಲ.

ತಿಂಗಳ ಸಂಬಳ ಪಡೆದು ಶಿಷ್ಯರ ಮನೆಗೇ ಬಂದು ಕಲಿಸುವ ಗುರುವನ್ನು ಇಪ್ಪತ್ತನೆಯ ಶತಮಾನದ ನಗರಗಳು ಹುಟ್ಟಿಸಿದವು ಎಂದು ತಿಳಿಯುವುದೂ ತಪ್ಪು. ಅರಮನೆಗಳಲ್ಲಿ, ಕಲಾವಂತ ಮನೆತನಗಳಲ್ಲಿ ಈ ಪದ್ಧತಿ ಬಹಳ ಹಿಂದಿನಿಂದ ಇತ್ತು. ಹಾಡುವುದನ್ನೇ ವೃತ್ತಿಯಾಗಿ ಉಳ್ಳ ಹೆಂಗಸರು ತಮ್ಮ ಮನೆಯ ಹೆಣ್ಣುಮಕ್ಕಳಿಗೆ ಕಲಿಸಲು ಉಸ್ತಾದರನ್ನು, ವಿದ್ವಾಂಸರನ್ನು ಗೊತ್ತುಮಾಡುತ್ತಿದ್ದರು. ಒಬ್ಬರು ಒಪ್ಪದಿದ್ದರೆ ಇನ್ನೊಬ್ಬರು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ಬೆಂಗಳೂರಿನಲ್ಲಿ ಮುನುಸ್ವಾಮಪ್ಪನವರಿಂದ ತ್ಯಾಗರಾಜರ ಶಿಷ್ಯಪರಂಪರೆಯ ಪಾಠ ಪಡೆದರು. ಗೋವೆಯ ಕೇಸರಬಾಯಿ ಕೇರಕರರು ಹಲವು ಗುರುಗಳನ್ನು ಕಂಡ ಮೇಲೆ 1921ರಲ್ಲಿ ಅಲ್ಲಾದಿಯಾ ಖಾನರನ್ನು ಒಪ್ಪಿಸಿದ್ದು ದೊಡ್ಡ ಮೊತ್ತದ ಫೀ ಮತ್ತು ಬಿಗಿಯಾದ ಕರಾರುಗಳ ಮೇಲೆ. ‘ತಿಂಗಳಿಗೆ ಎಷ್ಟು’ ಎಂಬ ಪ್ರಶ್ನೆ ಕಲೆಗೆ ಅವಮಾನವೆಂದು ಇವರಾರೂ ಭಾವಿಸಿದಂತೆ ಕಾಣುವುದಿಲ್ಲ.

ಬದಲಾದದ್ದು ಮೇಷ್ಟ್ರು ತಟ್ಟಿದ ಬಾಗಿಲು. 1909-10ರ ಹೊತ್ತಿಗೆ ಮೈಸೂರು ಸರ್ಕಾರ ತನ್ನ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮದರಾಸಿನಲ್ಲಿ 1947ರ ಕಾನೂನು ಬಂತು. ಕಲಾವಂತ ಮನೆತನಗಳು ನೆಲೆ ಕಳೆದುಕೊಳ್ಳುತ್ತಿದ್ದ ಇದೇ ಅವಧಿಯಲ್ಲಿ ಮಧ್ಯಮವರ್ಗದ, ಅದರಲ್ಲೂ ಬ್ರಾಹ್ಮಣರ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಬರಬೇಕೆಂಬ ಹಂಬಲ ಬೆಳೆಯಿತು. ಅರ್ಧ ಶತಮಾನದ ಹಿಂದೆ ಯಾವ ವಿದ್ಯೆ ತಮ್ಮ ಮನೆಯ ಹುಡುಗಿಗೆ ಬೇಡವೆನ್ನಿಸಿಕೊಂಡಿತ್ತೋ ಅದೇ ವಿದ್ಯೆ ಈಗ ಹೆಣ್ಣು ನೋಡಲು ಬಂದವರ ಮುಂದೆ ‘ಒಂದು ದೇವರ ನಾಮ ಹೇಳಮ್ಮ’ ಎನ್ನಿಸಿಕೊಳ್ಳುವ ಅರ್ಹತೆಯಾಯಿತು. ಮದುವೆಯಾದ ಮರುವರ್ಷವೇ ತಂಬೂರಿ ಅಟ್ಟ ಸೇರಿದ ಉದಾಹರಣೆಗಳು ಪ್ರತಿ ಬಂಧುಬಳಗದಲ್ಲೂ ಸಿಕ್ಕಾವು. ಆದರೂ ಆ ಪಾಠದ ನೆವದಿಂದಲೇ ಸಾವಿರಾರು ಹೆಂಗಸರಿಗೆ ಸಂಗೀತ ದಕ್ಕಿತು. ಮುಂದೆ ಅವರಲ್ಲಿ ಅನೇಕರು ತಾವೇ ಮೇಷ್ಟ್ರಾದರು. ಇಂದು ‘ಸಂಗೀತದ ಮೇಷ್ಟ್ರು’ ಎಂದು ಹುಡುಕಿಕೊಂಡು ಹೊರಟರೆ ಹತ್ತು ಮನೆಗಳಲ್ಲಿ ಬಹುಪಾಲು ನಮಗೆ ಎದುರಾಗುವುದು ‘ಸಂಗೀತದ ಮಿಸ್ಸು’.

ಇದಕ್ಕೆ ಅಚ್ಚುಮನೆಯೂ ನೆರವಾಯಿತು. ಸ್ವರಲಿಪಿಯಲ್ಲಿ ಅಚ್ಚಾದ ಪುಸ್ತಕಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಬಂದವು. ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನೀ’ 1904ರದು. ಹಿಂದುಸ್ತಾನಿಯಲ್ಲಿ ಭಾತಖಂಡೆಯವರು ಘರಾಣೆಗಳ ಗುಟ್ಟಾಗಿದ್ದ ಬಂದಿಶುಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಪುಣೆಯಲ್ಲಿ 1874ರಲ್ಲಿ ಗಾಯನ ಸಮಾಜ ಹುಟ್ಟಿತ್ತು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದಾಗ ಸಂಗೀತಕ್ಕೆ ತರಗತಿ, ವೇಳಾಪಟ್ಟಿ, ಪರೀಕ್ಷೆ ಬಂದವು. ನಮ್ಮ ಬೆಂಗಳೂರು ಗಾಯನ ಸಮಾಜ 1905ರದು. ಗದುಗಿನಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಊಟ ವಸತಿ ಕೊಟ್ಟು ಸಂಗೀತ ಕಲಿಸಿದ್ದು ಬೇರೆಯೇ ದಾರಿ. ಫೀ ಕೊಡಲಾರದವರಿಗೆ, ಯಾವ ಮನೆಪಾಠದ ಮೇಷ್ಟ್ರೂ ಮುಟ್ಟದ ಹಳ್ಳಿಗಳ ಮಕ್ಕಳಿಗೆ ಅದು ಬಾಗಿಲು ತೆರೆಯಿತು. ಆ ಕಥೆಯನ್ನು ಹೇಳಲು ಇನ್ನೊಂದು ವಾರ ಬೇಕು.

ಕರ್ನಾಟಕ ಸಂಗೀತಕ್ಕೆ ಒಂದು ಅನುಕೂಲ ಮೊದಲಿನಿಂದಲೂ ಇತ್ತು. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ, ಆಮೇಲೆ ಗೀತೆ ಎಂಬ ಪಾಠಕ್ರಮವನ್ನು ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ಹೇಳುತ್ತದೆ. ಹಾಕಿದವರು ಯಾರೇ ಇರಲಿ, ಪ್ರಯೋಜನ ದೊಡ್ಡದು. ತುಮಕೂರಿನಲ್ಲಿ ಜಂಟಿ ವರಸೆಗೆ ನಿಂತ ಪಾಠವನ್ನು, ತಂದೆಗೆ ವರ್ಗವಾದರೆ, ದೆಹಲಿಯ ಮೇಷ್ಟ್ರು ಅಲ್ಲಿಂದಲೇ ಮುಂದುವರಿಸಬಹುದು. ಇದರ ಮೇಲೆ ಸರ್ಕಾರದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಬಂದು ಮೇಷ್ಟ್ರಿಗೊಂದು ಅರ್ಹತಾಪತ್ರವನ್ನೂ ಪೋಷಕರ ಕೈಗೆ ಒಂದು ಅಳತೆಗೋಲನ್ನೂ ಕೊಟ್ಟವು. ಅಳತೆಗೋಲೇ ಗುರಿಯಾಗಿ, ಪಠ್ಯದಲ್ಲಿರುವಷ್ಟು ವರ್ಣ, ಕೃತಿಗಳನ್ನು ಉರುಹೊಡೆದು ಜೂನಿಯರ್ ಮುಗಿಸಿದ ಮಗು ಪಠ್ಯದ ಹೊರಗಿನ ಒಂದು ಹಾಡನ್ನು ಕೇಳಿ ರಾಗ ಗುರುತಿಸಲಾರದೆ ಹೋಗುವುದು ಇದರ ಇನ್ನೊಂದು ಮುಖ.

ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಮೇಷ್ಟ್ರು ಬೇಕಾಗುತ್ತಾರೆ. ‘ಈ ವಯಸ್ಸಿನಲ್ಲಿ ಏನು ಕಲಿತೇನು’ ಎಂದು ಸಂಕೋಚಪಡುವವರು ಮೈಸೂರಿನ ಜಯಚಾಮರಾಜ ಒಡೆಯರನ್ನು ನೆನೆಯಬಹುದು. ಅವರ ಮೊದಲ ಒಲವು ಪಾಶ್ಚಾತ್ಯ ಸಂಗೀತ. ಪಿಯಾನೊ ನುಡಿಸುತ್ತಿದ್ದರು, 1945ರಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜಿನ ಗೌರವ ಫೆಲೊ ಆದರು. ಕರ್ನಾಟಕ ಸಂಗೀತದ ಕಡೆಗೆ ಅವರು ಗಂಭೀರವಾಗಿ ತಿರುಗಿದ್ದು ಬೆಳೆದ ಮೇಲೆ. ವೀಣೆಗೆ ವೆಂಕಟಗಿರಿಯಪ್ಪನವರು, ಶಾಸ್ತ್ರ ಸಾಹಿತ್ಯಗಳಿಗೆ ವಾಸುದೇವಾಚಾರ್ಯರು. ಫಲವಾಗಿ 94 ಕೃತಿಗಳು ಬಂದವು. ಮಹಾರಾಜರಿಗೆ ಇಂಥ ಗುರುಗಳು ಸಿಕ್ಕುವುದು ಕಷ್ಟವೇನಲ್ಲ ಎನ್ನಬಹುದು, ನಿಜ. ಆದರೆ ಕೂತು ಸಾಧನೆ ಮಾಡುವುದನ್ನು ಮಹಾರಾಜರೂ ಇನ್ನೊಬ್ಬರಿಗೆ ವಹಿಸಿಕೊಡಲಾಗದು. ವಯಸ್ಕರ ಪಾಠಗಳು ಸಾಮಾನ್ಯವಾಗಿ ಮುರಿದುಬೀಳುವುದು ಈ ಜಾಗದಲ್ಲೇ.

ಹಾಗಾದರೆ ಮೇಷ್ಟ್ರನ್ನು ಆರಿಸುವುದು ಹೇಗೆ? ಸನ್ನದಿಗಿಂತ ಮೊದಲು ಅವರ ಹಳೆಯ ಶಿಷ್ಯರಿಬ್ಬರ ಹಾಡನ್ನು ಕೇಳುವುದು ವಾಸಿ. ಅವರು ಯಾರಲ್ಲಿ ಕಲಿತರು ಎಂದು ವಿಚಾರಿಸುವುದೂ ಸಲ್ಲದ ಕುತೂಹಲವಲ್ಲ. ನಮ್ಮ ಸಂಗೀತದಲ್ಲಿ ಅದೇ ಕುಲಗೋತ್ರ. ಪಾಠದ ಹೊತ್ತಿನಲ್ಲಿ ಅವರು ಎಷ್ಟು ಹಾಡುತ್ತಾರೆ, ಎಷ್ಟು ಬರೆಸುತ್ತಾರೆ ಎಂಬುದನ್ನು ಮೂಲೆಯಲ್ಲಿ ಕೂತು ಗಮನಿಸಬೇಕು. ಕಲಿಕೆಯ ಬಹುಪಾಲು ಕಿವಿಯದೆಂಬುದು ಗುರುಕುಲದಲ್ಲಿ ಸಾಬೀತಾದ ಮಾತು. ಶ್ರುತಿಗೆ ಏನು ಇಟ್ಟುಕೊಂಡಿದ್ದಾರೆ ಎಂಬುದೂ ಮುಖ್ಯ. ಗಮಕಗಳನ್ನು ಬಾಗಿಸಲಾರದ ಹಾರ್ಮೋನಿಯಂ ಒತ್ತಿಕೊಂಡೇ ಕಲಿಸುವವರಿದ್ದಾರೆ; ಆಕಾಶವಾಣಿ ಆ ವಾದ್ಯವನ್ನು 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಅಷ್ಟು ಕಠಿಣರಾಗಬೇಕಿಲ್ಲ, ಆದರೆ ಮಗುವಿನ ದನಿ ಮನೆಗಳ ಹಿಂದೆ ಅಡಗಿಕೊಂಡರೆ ಅದು ತಪ್ಪುತ್ತಿರುವುದು ಯಾರಿಗೂ ತಿಳಿಯದು. ತಂಬೂರಿ ಇಲ್ಲದ ಮನೆಗೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಸಾಕು. ಫೀಯನ್ನು ಮೊದಲ ದಿನವೇ ಬಾಯಿಬಿಟ್ಟು ಮಾತಾಡಿಕೊಳ್ಳಬೇಕು. ಅನೇಕ ವಿದ್ವಾಂಸರು ‘ನಿಮಗೆ ತೋಚಿದ್ದು ಕೊಡಿ’ ಎಂದುಬಿಡುತ್ತಾರೆ. ಹಬ್ಬದ ತಿಂಗಳಲ್ಲಿ, ಬೇಸಿಗೆ ರಜೆಯಲ್ಲಿ ಪಾಠ ನಿಂತಾಗ ಅವರ ಮನೆಯ ಒಲೆ ಹೇಗೆ ಉರಿಯುತ್ತದೆ ಎಂದು ನಮಗೆ ತೋಚುವುದೇ ಇಲ್ಲ.

ಈಗ ಮೇಷ್ಟ್ರು ಮನೆಗೆ ಬರುವುದೂ ಬೇಕಿಲ್ಲ. ಅಮೆರಿಕದ ಕನ್ನಡ ಸಂಸಾರಗಳು ಕೆಲವು ವರ್ಷಗಳಿಂದ ಮಾಡಿಕೊಂಡಿದ್ದ ಏರ್ಪಾಟು 2020ರ ಕೊರೊನಾ ಕಾಲದಲ್ಲಿ ಬಸವನಗುಡಿಗೂ ಬಂತು. ಕಂಪ್ಯೂಟರಿನ ಪರದೆಯ ಆಚೆ ಗುರು, ಈಚೆ ಶಿಷ್ಯೆ. ದನಿ ತಲುಪಲು ಅರೆಗಳಿಗೆ ತಡವಾಗುವುದರಿಂದ ಇಬ್ಬರೂ ಒಟ್ಟಿಗೆ ಹಾಡಿದರೆ ತಾಳ ತಪ್ಪುತ್ತದೆ. ಗುರು ಒಂದು ಸಾಲು ಹೇಳಿ ನಿಲ್ಲಿಸಬೇಕು, ಶಿಷ್ಯೆ ಅದನ್ನು ತಿರುಗಿ ಹೇಳಬೇಕು. ಗುರುವಿನ ದನಿಯ ಆಸರೆ ಹಿಡಿದು ಮೇಲಿನ ಷಡ್ಜಕ್ಕೆ ಏರುವ ಭಾಗ ಮಾತ್ರ ಹೀಗೆ ಆಗುವುದಿಲ್ಲ. ಅದಕ್ಕಾಗಿ ಮಕ್ಕಳನ್ನು ವಾರಕ್ಕೊಮ್ಮೆಯಾದರೂ ಮನೆಗೆ ಕರೆಸಿಕೊಳ್ಳುವ ಮೇಷ್ಟ್ರುಗಳು ಇದ್ದಾರೆ. ಕೆಲವರು ಊರಾಚೆಯಿಂದ ಮೆಟ್ರೊ ಹಿಡಿದು ಬರುತ್ತಾರೆ.