ವಿದುರನ ತಲೆಯ ಮೇಲೆ ಖಾದಿ ಟೋಪಿ: 1921ರ ಮುಂಬಯಿಯ ಒಂದು ಮೂಕಿ ಚಿತ್ರ

ಯುದ್ಧವನ್ನು ಧಿಕ್ಕರಿಸಿದ ಮೂಕಿ ಮಹಾಚಿತ್ರ ಎಂದೊಡನೆ ಚರಿತ್ರೆಕಾರರು ಹೆಸರಿಸುವುದು ರೆಕ್ಸ್ ಇಂಗ್ರಾಮ್ ನಿರ್ದೇಶಿಸಿದ ‘ದ ಫೋರ್ ಹಾರ್ಸ್‌ಮೆನ್ ಆಫ್ ದಿ ಅಪೊಕ್ಯಾಲಿಪ್ಸ್’ ಚಿತ್ರವನ್ನು. ಒಂದೇ ಅಜ್ಜನ ಮೊಮ್ಮಕ್ಕಳು ಫ್ರಾನ್ಸ್, ಜರ್ಮನಿಗಳ ಸೈನಿಕರಾಗಿ ರಣರಂಗದಲ್ಲಿ ಎದುರುಬದುರಾಗುವ ಕಥೆ ಅದು. 1921ರಲ್ಲಿ ತೆರೆಕಂಡ ಆ ಚಿತ್ರ ರುಡಾಲ್ಫ್ ವ್ಯಾಲೆಂಟಿನೋನನ್ನು ತಾರೆಯಾಗಿಸಿತು. ಜನ ಅದರಲ್ಲಿನ ಸೈನಿಕರ ಗೋರಿಗಳ ಶಿಲುಬೆ ಬಯಲಿಗಿಂತ ಅವನ ಟ್ಯಾಂಗೊ ಕುಣಿತವನ್ನೇ ಹೆಚ್ಚು ನೆನಪಿಟ್ಟರು.

ಅದೇ ವರ್ಷ ಮುಂಬಯಿಯ ಕೊಹಿನೂರ್ ಫಿಲ್ಮ್ ಕಂಪನಿ ‘ಭಕ್ತ ವಿದುರ’ವನ್ನು ಹೊರತಂದಿತು. ಕಾಂಜಿಭಾಯಿ ರಾಠೋಡ್ ನಿರ್ದೇಶಕರು. ಕಂಪನಿಯ ಒಡೆಯ ದ್ವಾರಕಾದಾಸ್ ಸಂಪತ್ ತಾವೇ ವಿದುರನಾದರು, ಹೋಮಿ ಮಾಸ್ಟರ್ ದುರ್ಯೋಧನನಾದರು. ಕನ್ನಡಿಗರಿಗೆ ವಿದುರ ಹೊಸಬನಲ್ಲ. ಕುಮಾರವ್ಯಾಸನಲ್ಲಿ ಅವನು ದುರ್ಯೋಧನನ ಹೀಯಾಳಿಕೆಗೆ ನೊಂದು ಬಿಲ್ಲನ್ನೇ ಮುರಿದು ಹಾಕುತ್ತಾನೆ. ಮಹಾಭಾರತದಲ್ಲಿ ಯುದ್ಧ ಬೇಡವೆಂದು ಕೊನೆಯವರೆಗೂ ಬುದ್ಧಿ ಹೇಳಿದವನೂ ಅವನೇ. ಯುದ್ಧವಿರೋಧಿ ಚಿತ್ರಕ್ಕೆ ಇವನಿಗಿಂತ ಒಪ್ಪುವ ನಾಯಕ ನಮ್ಮ ಪುರಾಣಗಳಲ್ಲಿಲ್ಲ.

ಆದರೆ ಸಂಪತ್ ತೊಟ್ಟ ವೇಷ ಹಸ್ತಿನಾವತಿಯದಲ್ಲ. ಮೈಮೇಲೆ ಖಾದಿ, ತಲೆಯ ಮೇಲೆ ಗಾಂಧಿ ಟೋಪಿ. ಚಿತ್ರಮಂದಿರದಲ್ಲಿ ಚಿತ್ರದ ಜೊತೆಗೆ ಚರಕದ ಹಾಡನ್ನೂ ಹಾಡಿಸುತ್ತಿದ್ದರು. ಅದೇ ವರ್ಷದ ಜುಲೈ 31ರಂದು ಪರೇಲಿನ ಎಲ್ಫಿನ್‌ಸ್ಟನ್ ಮಿಲ್ ಆವರಣದಲ್ಲಿ ಗಾಂಧೀಜಿ ವಿದೇಶಿ ಬಟ್ಟೆಗಳ ರಾಶಿಗೆ ಬೆಂಕಿಯಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ಮದುರೆಯಲ್ಲಿ ಅವರು ಟೋಪಿ, ಅಂಗಿಗಳನ್ನು ಬಿಟ್ಟು ತುಂಡು ಪಂಚೆಗೆ ಬಂದರು. ಆದ್ದರಿಂದ ತೆರೆಯ ಮೇಲಿನ ವಿದುರ ಆ ಹೊತ್ತಿನ ಗಾಂಧಿ, ಊರಿನ ಜನ ಕಣ್ಣಾರೆ ಕಂಡಿದ್ದ ಗಾಂಧಿ. ಹಾಲಿವುಡ್ಡಿನಲ್ಲಿ ಚಿತ್ರ ನಟನನ್ನು ಮೇಲಕ್ಕೆತ್ತಿದರೆ, ಇಲ್ಲಿ ಆಗಲೇ ಮೇಲೇರುತ್ತಿದ್ದ ಒಬ್ಬ ನಾಯಕನ ಛಾಯೆಯನ್ನು ನಟ ಹೊತ್ತುಕೊಂಡ. ಚಿತ್ರದ ಧೈರ್ಯವಿರುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಸರ್ಕಾರಕ್ಕೂ ಇದು ಅರ್ಥವಾಯಿತು. 1918ರ ಸಿನಿಮಾಟೋಗ್ರಾಫ್ ಕಾಯ್ದೆಯ ಅಡಿಯಲ್ಲಿ ಸೆನ್ಸಾರ್ ಮಂಡಳಿಗಳು ಆಗಷ್ಟೇ ಕೆಲಸ ಶುರುಮಾಡಿದ್ದವು. ಈ ವಿದುರ ಗಾಂಧಿಯೇ ಎಂಬ ಕಾರಣಕ್ಕೆ ಮದ್ರಾಸಿನಲ್ಲೂ ಸಿಂಧ್‌ನಲ್ಲೂ ಚಿತ್ರಕ್ಕೆ ನಿಷೇಧ ಬಿತ್ತು. ಭಾರತದಲ್ಲಿ ನಿಷೇಧಕ್ಕೊಳಗಾದ ಮೊದಲ ಚಿತ್ರವೆಂದು ಇದನ್ನು ಗುರುತಿಸುತ್ತಾರೆ. ಮಾತಿಲ್ಲದ ಚಿತ್ರದಲ್ಲಿ ಒಂದು ಟೋಪಿ ಇಷ್ಟನ್ನು ಹೇಳಿತು.

ವ್ಯಾಲೆಂಟಿನೋನಂಥ ನಿಜವಾದ ತಾರೆಯರು ಕೊಹಿನೂರಿಗೆ ಆಮೇಲೆ ಸಿಕ್ಕರು. ಟೆಲಿಫೋನ್ ಆಪರೇಟರ್ ಆಗಿದ್ದ ರೂಬಿ ಮೈಯರ್ಸ್ 1925ರ ‘ವೀರ ಬಾಲಾ’ದಿಂದ ಸುಲೋಚನಾ ಎಂದು ಹೆಸರಾದದ್ದು ಇದೇ ಕಂಪನಿಯಲ್ಲಿ.

ಇಂಗ್ರಾಮನ ಚಿತ್ರ ಇಂದಿಗೂ ನೋಡಲು ಸಿಗುತ್ತದೆ, ‘ಭಕ್ತ ವಿದುರ’ ಕಳೆದುಹೋಗಿದೆ. ಹಾಗೆಂದು ಅದನ್ನು ದೇಶಭಕ್ತಿ ಚಿತ್ರಗಳ ಪಟ್ಟಿಯ ಒಂದು ಸಾಲಿಗೆ ಇಳಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಯುದ್ಧವಿರೋಧಿ ಸಿನಿಮಾದ ಚರಿತ್ರೆ ಬರೆಯುವವರು ಮುಂಬಯಿಯ ಈ ವಿದುರನನ್ನು ವ್ಯಾಲೆಂಟಿನೋನ ಪಕ್ಕದಲ್ಲೇ ಇಟ್ಟು ನೋಡಬೇಕು.